ಭರತ ಏಳಕ್ಕೆ, ಇಳಿತ ಏಳೂವರೆಗೆ

ದೇವೀಂದ್ರಪ್ಪನ ಅಂಗೈ ಡಾಂಬರು ರಸ್ತೆಯ ಹಾಗಿತ್ತು. ಬಿದಿರಿನ ಹರಗೋಲಿಗೆ ವರ್ಷಕ್ಕೆರಡು ಸಲ ಗೋಣಿತಟ್ಟು ಹೊದಿಸಿ, ಅದರ ಮೇಲೆ ಬಿಸಿ ಡಾಂಬರು ಬಳಿದು ಬಳಿದು ಕೈಗೆರೆಗಳಲ್ಲಿ ಕಪ್ಪು ಕೂತುಬಿಟ್ಟಿತ್ತು. ಹುಟ್ಟು ಹಾಕಿ ಹಾಕಿ ಬಲಗೈಯ ಎರಡು ಬೆರಳು ಮಡಚಿಕೊಂಡಿದ್ದವು. ರೊಟ್ಟಿ ಮುರಿಯುವಾಗ ಆ ಎರಡು ಬೆರಳು ಕೆಲಸಕ್ಕೆ ಬಾರದ ನೆಂಟರ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಐವತ್ತು ದಾಟಿದ ಆಸಾಮಿ. ಅಪ್ಪನೂ ಅಂಬಿಗ, ಅಜ್ಜನೂ ಅಂಬಿಗ. ಆಸ್ತಿ ಅಂತ ಇದ್ದದ್ದು ಆ ದುಂಡನೆಯ ಹರಗೋಲು, ಒಂದು ಹುಟ್ಟು, ಹೊಳೆದಂಡೆಯ ಮೇಲೊಂದು ಗುಡಿಸಲು. ಊರವರು ಸುಗ್ಗಿಗೆ ಮನೆಗಿಷ್ಟು ಅಂತ ಜೋಳ ಅಳೆದು ಕೊಡುತ್ತಿದ್ದರು. ಅದರಲ್ಲೇ ವರ್ಷ ಕಳೆಯಬೇಕು.

ಅವನ ಊರು ಹೊಳೆಕೂಡಗಿ ಇರುವುದು ಭೀಮೆಯ ಈಚೆ ದಂಡೆಗೆ, ಜೇವರ್ಗಿ ತಾಲೂಕಿನಲ್ಲಿ. ಆಚೆ ದಂಡೆ ಅಫಜಲಪುರ ತಾಲೂಕು. ಈಚೆ ದಂಡೆಯ ಹೊಲವೆಲ್ಲ ದೌಲತರಾಯ ಗೌಡನದು. ಆಚೆ ದಂಡೆಯಲ್ಲಿ ಹತ್ತಾರು ಸಣ್ಣ ರೈತರು. ತೊಗರಿ ಕೊಯ್ಲಿಗೆ ಗೌಡ ಹೆಣ್ಣಾಳಿಗೆ ದಿನಕ್ಕೆ ನಾಲ್ಕು ರೂಪಾಯಿ ಕೊಡುತ್ತಿದ್ದ. ಆಚೆಯವರು ಏಳು ಕೊಟ್ಟು, ಮಧ್ಯಾಹ್ನ ರೊಟ್ಟಿಗೆ ಪುಂಡಿಪಲ್ಲೆಯನ್ನೂ ಹಾಕುತ್ತಿದ್ದರು. ಹೀಗಾಗಿ ದಿನಾ ಮುಂಜಾನೆ ಇಪ್ಪತ್ತು ಹೆಂಗಸರು ಕುಡುಗೋಲು, ರೊಟ್ಟಿಗಂಟು ಹಿಡಿದು ಹರಗೋಲು ಹತ್ತುತ್ತಿದ್ದರು. ಗೌಡನ ತೊಗರಿ ಗಿಡದಲ್ಲೇ ಒಡೆದು ಚೆಲ್ಲುತ್ತಿತ್ತು. ಗೌಡನಿಗೆ ಹೊಳೆಯ ಮೇಲೆ ಸಿಟ್ಟಿರಲಿಲ್ಲ. ಹರಗೋಲಿನ ಮೇಲೆ ಇತ್ತು.

ಹೊಳೆ ದಾಟಿಸುವುದೆಂದರೆ ಹಗುರ ಕೆಲಸ ಅಂತ ದಾಟುವವರಿಗೆ ಅನಿಸುತ್ತದೆ. ದೇವೀಂದ್ರಪ್ಪ ನಸುಕಿನಲ್ಲೆದ್ದು ಮೊದಲು ನೋಡುತ್ತಿದ್ದದ್ದು ತಾನು ನೀರಂಚಿಗೆ ನೆಟ್ಟ ಜಾಲಿಕಡ್ಡಿಯನ್ನು. ರಾತ್ರಿ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಅಂತ ಅದು ಹೇಳುತ್ತಿತ್ತು. ಮಹಾರಾಷ್ಟ್ರದ ಕಡೆ ಡ್ಯಾಮಿನ ಬಾಗಿಲು ತೆಗೆದರೆ ಎರಡು ದಿನಕ್ಕೆ ಇಲ್ಲಿ ಸೆಳವು ಬಿರುಸಾಗುತ್ತದೆ. ಆ ಸುದ್ದಿ ಸೊಲ್ಲಾಪುರದ ಬಸ್ಸಿನ ಡ್ರೈವರನಿಂದ ಅವನಿಗೆ ಮುಟ್ಟುತ್ತಿತ್ತು. ಮಂಜು ಬಿದ್ದ ದಿನ ಆಚೆ ದಂಡೆಯ ಕರಿಬಂಡೆ ಕಾಣುವವರೆಗೆ ಹರಗೋಲು ಬಿಡುತ್ತಿರಲಿಲ್ಲ. ಬಿಟ್ಟರೆ ಬೇವಿನಮರದ ಬುಡದಿಂದ, ಸೆಳವಿಗೆ ಓರೆಯಾಗಿ, ನಡುವಿನ ಸುಳಿಯನ್ನು ಎಡಕ್ಕೆ ಬಿಟ್ಟು, ನೀರು ತಾನಾಗಿ ಬಂಡೆಯ ಬಳಿಗೆ ತಂದು ಹಾಕುವ ಹಾಗೆ. ಮಧ್ಯಾಹ್ನ ಮೂಡುಗಾಳಿ ಎದ್ದರೆ ಹರಗೋಲು ಬುಗುರಿಯಾಗುತ್ತದೆ, ಅದಕ್ಕೇ ಮರಳುವುದು ಗಾಳಿ ಸತ್ತ ಮೇಲೆ. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಕೋಳಿಮರಿಯೂ ಹೊಳೆಪಾಲಾಗಿರಲಿಲ್ಲ.

ಇಂಥವನಿಗೆ ಎಂಬತ್ತೇಳನೆಯ ಇಸವಿಯಲ್ಲಿ, ಎಳ್ಳಮವಾಸ್ಯೆ ಹತ್ತಿರ ಬಂದಾಗ, ಸುರಕ್ಷಿತವಾಗಿ ದಾಟುವುದು ಹೇಗೆ ಅಂತ ಕಲಿಸಲು ಒಂದು ಕಚೇರಿ ಹುಟ್ಟಿತು.

ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆಯೊಂದಕ್ಕೆ ‘ನೌಕಾ ಸುರಕ್ಷಾ ಉಪಕಚೇರಿ’ ಅಂತ ಬೋರ್ಡು ಬಿತ್ತು. ಸಮುದ್ರದ ಊರುಗಳಿಗೆ ಹೊರಟ ಫಾರಮ್ಮಿನ ಕಟ್ಟುಗಳಲ್ಲಿ ಒಂದು ಕಟ್ಟು ದಾರಿತಪ್ಪಿ ಅಲ್ಲಿಗೆ ಬಂದಿತ್ತು. ಬಂದ ಫಾರಮ್ಮನ್ನು ತುಂಬಿಸದೆ ಬಿಡುವ ಕಚೇರಿ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ನೀರಿನ ಮೇಲೆ ತೇಲುವುದೇನಿದ್ದರೂ ಅದರ ಒಡೆಯ ಬಂದು ‘ಸುರಕ್ಷಿತ ಕರಾವಳಿ ಯಾನದ ಯೋಜನೆ’ ಬರೆದುಕೊಡಬೇಕು, ಇಲ್ಲದಿದ್ದರೆ ಪರವಾನಗಿ ಇಲ್ಲ ಅಂತ ಡಂಗುರ ಬಂತು.

ದೇವೀಂದ್ರಪ್ಪ ಒಗೆದ ಧೋತರ ಉಟ್ಟು ಹೋದ. ಗುಮಾಸ್ತ ಮಹಾದೇವಪ್ಪ ಆಳಂದದವನು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದ. ಕೆಟ್ಟವನಲ್ಲ. ಗೊತ್ತಿಲ್ಲ ಅಂತ ಹೇಳಲು ಮಾತ್ರ ಅವನಿಗೆ ಬರುತ್ತಿರಲಿಲ್ಲ.

“ಹಡಗಿನ ಮುಂಭಾಗ ಯಾವುದು, ಹಿಂಭಾಗ ಯಾವುದು ಅಂತ ಕೇಳ್ಯಾರ ನೋಡು.”

“ದುಂಡಗದರಿ ಅದು. ನಾವು ಯಾ ಕಡಿ ಮಾರಿ ಮಾಡಿ ಕುಂತೇವೋ ಅದೇ ಮುಂದರಿ.”

“ಹವಾಮಾನದ ವರದಿ ಯಾರು ಕೊಡ್ತಾರ?”

“ಸೊಲ್ಲಾಪುರ ಬಸ್ಸಿನ ಡ್ರೈವರರಿ. ಅವ ರಜಾ ಇದ್ದ ದಿನ ಜಾಲಿಕಡ್ಡಿ.”

ಮಹಾದೇವಪ್ಪ ಬರೆದುಕೊಂಡ. “ಮುಂದಿಂದು ‘ಆಶ್ರಯ ಬಂದರು’ ಅಂತದ.”

“ಯಾರು ಬಂದ್ರರಿ?”

“ಆಶ್ರಯಕ್ಕ ಯಾರ್ಯಾರು ಬಂದ್ರು ಅಂತ ಇರಬೇಕಪ್ಪ.”

ದೇವೀಂದ್ರಪ್ಪ ಯೋಚಿಸಿದ. “ಹೋದ ಮಳಿಗಾಲದಾಗ ಸಾಲಿ ಮಾಸ್ತರ ಬಂದಿದ್ರರಿ ನಮ್ಮ ಗುಡಿಸಲಕ್ಕ. ಮತ್ತ ಎರಡು ಆಡು.”

ಅದೂ ದಾಖಲಾಯಿತು. ಕಡೆಯ ಪುಟದಲ್ಲಿ ಇಬ್ಬರೂ ಮುಗ್ಗರಿಸಿದರು. ‘ಭರತದ ವೇಳೆ’, ‘ಇಳಿತದ ವೇಳೆ’ ಅಂತ ತುಂಬಬೇಕಾದ ಎರಡು ಮನೆಗಳಿದ್ದವು.

“ಭರತ ಯಾರರಿ?”

ಮಹಾದೇವಪ್ಪ ಕನ್ನಡಕ ತೆಗೆದು ಒರೆಸಿದ. ಆಳಂದದ ಕಡೆ ಮರಾಠಿ ಮಾತು ಕನ್ನಡದೊಳಗೆ ಕೂಡಿಹೋಗಿದೆ. ಅಲ್ಲಿ ಲಾರಿಗೆ ತೊಗರಿ ಚೀಲ ತುಂಬಿದರೆ ‘ಭರತಿ ಆತು’ ಅನ್ನುತ್ತಾರೆ. ಅವನ ಮುಖ ಅರಳಿತು.

“ಅಚ್ಚಿನ ತಪ್ಪಪ್ಪ ಇದು. ಭರತ ಅಲ್ಲ, ಭರತಿ! ನಿನ್ನ ಹರಗೋಲು ಮಂದಿಲಿಂದ ಎಷ್ಟೊತ್ತಿಗಿ ಭರತಿ ಆಗ್ತದ? ಎಷ್ಟೊತ್ತಿಗಿ ಇಳಿತಾರ?”

“ಹಂಗನ್ರಿ ಮತ್ತ! ಮುಂಜಾನಿ ಏಳಕ್ಕ ಭರತಿ, ಏಳೂವರಿಗಿ ಆಚಿ ದಂಡಿಗಿ ಇಳಿತ. ಸಂಜಿಗಿ ಐದೂವರಿಗಿ ಭರತಿ, ಆರಕ್ಕ ಇಳಿತ.”

“ಎತ್ತರ ಎಷ್ಟು ಅಂತನೂ ಕೇಳ್ಯಾರ.”

“ಯಾರ ಎತ್ತರರಿ?”

“ಭರತಿ ಆದ ಮಂದೀದೇ ಇರಬೇಕು. ಎತ್ತರ ಇದ್ದವರು ಎದ್ದು ನಿಂತ್ರ ಹರಗೋಲು ಮಗಚ್ತದಲ್ಲ, ಅದಕ್ಕ.”

ಅದು ದೇವೀಂದ್ರಪ್ಪನಿಗೆ ಸರಿಯಾದ ಮಾತೇ ಅನಿಸಿತು. “ಇಪ್ಪತ್ತು ಹೆಣ್ಮಕ್ಕಳರಿ. ಎಲ್ಲಾರೂ ಐದೈದು ಫೂಟ ಅದಾರ. ಮದೀನಾಬಿ ಒಬ್ಬಾಕಿ ಐದೂವರಿ.”

ಆ ಮನೆಯ ಕೆಳಗೆ ‘ಒಟ್ಟು’ ಅಂತ ಅಚ್ಚಾಗಿತ್ತು. ಒಟ್ಟು ಅಂದ ಮೇಲೆ ಕೂಡಿಸಲೇಬೇಕು. ಮಹಾದೇವಪ್ಪ ಕೂಡಿಸಿ, ಎರಡು ಸಲ ತಾಳೆ ನೋಡಿ, ದುಂಡಗೆ ಬರೆದ: ನೂರು ಅಡಿ ಆರು ಇಂಚು. ಮೂರನೇ ಇಯತ್ತೆ ಓದಿದ್ದ ದೇವೀಂದ್ರಪ್ಪ ನಾಲಿಗೆ ಕಚ್ಚಿಕೊಂಡು ತನ್ನ ಹೆಸರನ್ನು ಪೂರ್ತಿ ಬರೆದು ಸಹಿ ಮಾಡಿದ. ಬಸ್ಸಿನಲ್ಲಿ ಮರಳುವಾಗ ಅವನ ಎದೆ ಹಗುರಾಗಿತ್ತು. ಪರವಾನಗಿ ಬಂದಂತೆಯೇ ಅಂದುಕೊಂಡ.

ಕಚೇರಿಯ ಸಾಹೇಬ ತುಮಕೂರಿನ ಕಡೆಯವನು. ಸಮುದ್ರವನ್ನು ಅವನೂ ಕಂಡವನಲ್ಲ, ಆದರೆ ಸಮುದ್ರದ ಮೇಲೆ ಒಂದು ವಾರದ ತರಬೇತಿ ಆಗಿತ್ತು. ಫಾರಂ ಓದಿ ಕುರ್ಚಿ ಬಿಟ್ಟು ಎದ್ದೇಬಿಟ್ಟನಂತೆ. ಅಲ್ಲೇ ಕೂತಿದ್ದ ದೌಲತರಾಯ ಗೌಡನಿಗೆ ಓದಿ ಹೇಳಿದನಂತೆ. ಗೌಡ ತಾಲೂಕಿನ ಎಲ್ಲ ಸಮಿತಿಗಳಲ್ಲೂ ಮೆಂಬರು, ಈ ಕಚೇರಿ ಹುಟ್ಟಿದ ಕೂಡಲೇ ಇದರ ಸಮಿತಿಯಲ್ಲೂ ಆಗಿದ್ದ.

“ದಿನಕ್ಕೆ ಎರಡು ಸಲ, ಅರ್ಧ ಗಂಟೆಯಲ್ಲಿ ನೂರು ಅಡಿ ಏರಿ ಇಳಿಯುತ್ತಂತ್ರೀ ನೀರು! ಮಂಗಳೂರಲ್ಲಿ ಇಲ್ಲ, ಕಾರವಾರದಲ್ಲಿ ಇಲ್ಲ!”

ಗೌಡ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮತ್ತೆ ನಗಲಿಲ್ಲ. “ಖರೆ ಅದರಿ ಸಾಹೇಬ್ರ,” ಅಂದ. “ನಮ್ಮ ಮುತ್ಯಾನ ಕಾಲದಿಂದ ಏರಿ ಇಳಿಯಾಕತ್ತದ. ಬಡವರು, ಹೆಣ್ಮಕ್ಕಳು. ಅವರ ಜೀವ ಉಳಸ್ರಿ.” ಇದನ್ನು ಆಮೇಲೆ ಹೇಳಿದವನು ಮಹಾದೇವಪ್ಪನೇ.

ಮರುದಿನವೇ ಕಚೇರಿಯ ಜೀಪು ಬಂತು. ಹರಗೋಲನ್ನು ದಂಡೆಗೆಳೆದು ಬೋರಲು ಹಾಕಿಸಿದರು. ಬೇವಿನಮರದ ಬುಡದಲ್ಲಿದ್ದ ಗೂಟಕ್ಕೆ ಹಗ್ಗ ಬಿಗಿದು, ಗಂಟಿಗೆ ಅರಗು ಕಾಸಿ ಮೊಹರು ಒತ್ತಿದರು. ‘ಭರತದ ಅಪಾಯ ಕಳೆಯುವವರೆಗೆ ಯಾನ ನಿಷೇಧ. ಮೊಹರು ಒಡೆದವರಿಗೆ ಜೈಲು’ ಅಂತ ಹಲಗೆ ನೆಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೈಗೆ ಜೀಪು ಕೊಟ್ಟರೆ ಇನ್ನೇನಾಗುತ್ತದೆ?

ಹೆಂಗಸರು ರೊಟ್ಟಿಗಂಟು ಹಿಡಿದು ಕೆಸರಲ್ಲಿ ನಿಂತೇ ಇದ್ದರು. ಸೇತುವೆಯ ಮೇಲಿಂದ ಸುತ್ತಿ ಹೋದರೆ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. ತೊಗರಿ ಕೊಯ್ಲು ಇನ್ನು ಹದಿನೈದು ದಿನ. ಅಷ್ಟರೊಳಗೆ ದುಡಿದದ್ದೇ ವರ್ಷದ ಗಂಟು. ಗೌಡನ ಕಾರಕೂನ ಕೊಡೆ ಊರಿಕೊಂಡು ಬಂದ.

“ಬರ್ರಿ ಬೇ, ಗೌಡ್ರ ಹೊಲಕ್ಕ. ಇವತ್ತಿಂದ ಮೂರೂವರಿ ರೂಪಾಯಿ.”

“ನಾಕ ಇತ್ತಲ್ಲರಿ?” ಅಂದಳು ಮದೀನಾಬಿ.

“ನಿನ್ನಿತನಕ ಆಚಿ ದಂಡಿ ಇತ್ತು, ನಾಕಿತ್ತು. ಇವತ್ತ ಸಮುದ್ರ ಬಂದದ. ಎಲ್ಲಿಗಿ ಹೋಗ್ತೀರಿ?”

ಹೋದರು. ಹೊಟ್ಟೆ ಕೇಳಬೇಕಲ್ಲ.

ಅಂದು ಸಂಜೆ ದೇವೀಂದ್ರಪ್ಪ ಬೋರಲು ಬಿದ್ದ ಹರಗೋಲಿಗೆ ಬೆನ್ನು ಕೊಟ್ಟು ಕೂತಿದ್ದ. ಮದೀನಾಬಿ ಕುಡುಗೋಲು ಹಿಡಿದೇ ಬಂದು ಎದುರಿಗೆ ಕೂತಳು. ಅವಳ ಗಂಡ ಮುಂಬಯಿಯಲ್ಲಿ ಹಮಾಲಿ ಮಾಡುತ್ತಿದ್ದಾಗ ಆರು ವರ್ಷ ಮಾಹಿಮಿನ ಜೋಪಡಿಯಲ್ಲಿ ಬಾಳಿ ಬಂದ ಹೆಣ್ಣು. ಊರಲ್ಲಿ ಸಮುದ್ರ ಕಂಡವಳು ಅವಳೊಬ್ಬಳೇ, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

“ದೇವಿಂದ್ರಣ್ಣ, ಆ ಕಾಗದದಾಗ ಏನು ಬರಿಸಿ ಬಂದಿ? ಖರೆ ಹೇಳು.”

ಅವನು ಒಂದೊಂದಾಗಿ ಹೇಳಿದ. ಭರತಿಗೆ ಬಂದಾಗ ಅವಳು ಹಣೆ ಬಡಿದುಕೊಂಡಳು.

“ಯಾ ಅಲ್ಲಾ! ಭರತಿ ಅಂದ್ರ ಮುಂಬೈದಾಗ ಸಮುದ್ರ ಏರೂದು ಅಣ್ಣ. ದಿನಾ ಎರಡು ಸಲ ಜೋಪಡಿ ಒಳಗ ನೀರು ಬರ್ತಿತ್ತು. ಕೂಸಿನ್ನ ಹೆಗಲ ಮ್ಯಾಲ ಇಟ್ಕೊಂಡು ನಿಂದರ್ತಿದ್ದೆ. ಇಳಿತ ಅಂದ್ರ ಆ ನೀರು ಹೊಳ್ಳಿ ಹೋಗೂದು. ನೀ ಸಮುದ್ರದ ಟೈಮ ಬರದು ಕೊಟ್ಟಿ!”

ದೇವೀಂದ್ರಪ್ಪನಿಗೆ ಮೈಯೆಲ್ಲ ನಾಚಿಕೆಯಾಯಿತು. ತನ್ನ ಕೈಯಾರೆ ಬರೆದ ಹೆಸರು ಕಣ್ಣ ಮುಂದೆ ಬಂತು. ಇಪ್ಪತ್ತು ಮನೆಯ ಅನ್ನಕ್ಕೆ ತಾನೇ ಕಲ್ಲು ಹಾಕಿದೆ ಅನಿಸಿತು.

“ಆ ನೂರು ಫೂಟು ಆರು ಇಂಚು ಎಲ್ಲಿಂದ ಬಂತು?”

“ಅದು ನೀವೇ ಬೇ. ಎಲ್ಲಾರನ್ನೂ ಒಬ್ಬರ ಮ್ಯಾಲ ಒಬ್ಬರನ್ನ ನಿಂದರಿಸಿ ಕೂಡಿಸಿದ್ರು. ಆ ಆರು ಇಂಚು ನಿಂದು.”

ಮದೀನಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕುಡುಗೋಲು ಎತ್ತಿಕೊಂಡು ಎದ್ದಳು. “ಅಂದ್ರ ಸಾಹೇಬ ಹೆದರಿದ್ದು ನಮಗೇನು!” ಅಂದಳು.

ಬೆಳಗಾಗುತ್ತಲೇ ದೇವೀಂದ್ರಪ್ಪ ಜೇವರ್ಗಿಗೆ ಓಡಿದ. ತಪ್ಪಾಗಿದೆ, ಇಲ್ಲಿ ಸಮುದ್ರವಿಲ್ಲ ಅಂತ ಸಾಹೇಬನ ಕಾಲಿಗೆ ಬಿದ್ದ.

“ನೀನೇ ಸಹಿ ಮಾಡಿದ್ದೀಯ. ಕಡತದಲ್ಲಿ ಸಮುದ್ರ ಇದೆ. ಇಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ಆಗುತ್ತೇನಯ್ಯ? ಪಂಚನಾಮೆ ಆಗ್ಬೇಕು.”

ಪಂಚನಾಮೆಯೂ ಆಯಿತು. ಮೂರನೆಯ ದಿನ ಸಂಜೆ ಐದಕ್ಕೆ ಹೊಳೆದಂಡೆಯ ಮೇಲೆ ಕುರ್ಚಿ ಹಾಕಿದರು. ಪಂಚರು ಐದು ಮಂದಿ: ಗೌಡ, ಗೌಡನ ತಮ್ಮ, ಗೌಡನ ಅಳಿಯ, ಗೌಡನ ಕಾರಕೂನ, ಗೌಡನ ಜೀಪಿನ ಡ್ರೈವರ. ಕಾಲ ಕೆಳಗೆ ಹೊಳೆ ತಣ್ಣಗೆ ಹರಿಯುತ್ತಿತ್ತು. ಎಮ್ಮೆಯೊಂದು ದಂಡೆಯಂಚಿನ ನೀರಲ್ಲಿ ನಿಂತು ಸಭೆಯನ್ನು ನೋಡುತ್ತಿತ್ತು.

“ಇದು ನದಿನೋ, ಸಮುದ್ರನೋ?” ಸಾಹೇಬ ಕೇಳಿದ.

“ಹೊಳಿ ಹರಿದು ಎಲ್ಲಿಗಿ ಹೋಗ್ತದರಿ? ಸಮುದ್ರಕ್ಕ,” ಅಂದ ಗೌಡ. “ಅಂದ್ರ ಇದು ಸಮುದ್ರದ ಬಾಲ. ಬಾಲ ಇದ್ದಲ್ಲಿ ದನ ಇರಂಗಿಲ್ಲೇನು?”

ನಾಲ್ವರೂ ಹೌದ್ರಿ ಹೌದ್ರಿ ಅಂದರು. ಉಪ್ಪು ಇದೆಯೇ ಅಂತ ಸಾಹೇಬ ಕೇಳಿದ. ಕಾರಕೂನ ತನ್ನ ಚೀಲದಿಂದ ತಂಬಿಗೆ ತೆಗೆದು ಮುಂದೆ ಹಿಡಿದ. ಸಾಹೇಬ ಒಂದು ಗುಟುಕು ಕುಡಿದು ಥೂ ಅಂತ ಉಗಿದ.

“ಅದು ಅವರ ಮನಿಲಿಂದ ತಂದ ನೀರರಿ ಸಾಹೇಬ್ರ!” ದೇವೀಂದ್ರಪ್ಪ ಕೂಗಿದ. “ಹತ್ತು ಹೆಜ್ಜಿ ಇಳಿದು ಬರ್ರಿ, ಹೊಳ್ಯಾಗ ಕುಡೀರಿ. ಅಲ್ಲಿ ಎಮ್ಮಿ ನಿಂತದ ನೋಡ್ರಿ, ಅದರ ಮೊಣಕಾಲೂ ಮುಣಗಿಲ್ಲ!”

ಸಾಹೇಬ ಒಂದು ಹೆಜ್ಜೆ ಇಟ್ಟ. ಆಮೇಲೆ ಗಡಿಯಾರ ನೋಡಿಕೊಂಡ. ಐದು ಇಪ್ಪತ್ತೈದು.

“ಐದೂವರೆಗೆ ಭರತ!” ಅಂತ ಚೀರಿದವನೇ ಕಡತ ಎದೆಗವಚಿಕೊಂಡು ಜೀಪಿನತ್ತ ಓಡಿದ. ಓಡುವಾಗ ಒಂದು ಚಪ್ಪಲಿ ಬಿತ್ತು. ಜೀಪು ದಿಬ್ಬ ಹತ್ತಿದ ಮೇಲೆ ಅಲ್ಲಿಂದ ಇಣುಕಿ ಹೊಳೆ ನೋಡಿದ. ಎಮ್ಮೆ ನಿಂತಲ್ಲೇ ಇತ್ತು. ಗೌಡ ಕುರ್ಚಿಯ ಕೈಯ ಮೇಲೆ ಪಂಚನಾಮೆಯ ಕಾಗದವಿಟ್ಟು ಸಾವಕಾಶ ಸಹಿ ಮಾಡಿದ. ಸಮುದ್ರ ಸಾಬೀತಾಯಿತು.

ಕೂಲಿ ಮುಗಿಸಿ ದಂಡೆಗೆ ಬಂದಿದ್ದ ಮದೀನಾಬಿ ಆ ಚಪ್ಪಲಿ ಎತ್ತಿ ಜಾಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಅಂದು ಕತ್ತಲಾಗುವ ಮುಂಚೆ ಇಪ್ಪತ್ತು ಮನೆಗೂ ಹೋಗಿ ಬಂದಳು. ಏನು ಹೇಳಿದಳೋ, ಮರುದಿನ ಮುಂಜಾನೆ ಗೌಡನ ತೊಗರಿ ಹೊಲಕ್ಕೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ಎಲ್ಲರೂ ಬೇವಿನಮರದ ಕೆಳಗೆ ಬಂದರು.

“ಮೊಹರು ಒಡದ್ರ ಜೇಲರಿ,” ದೇವೀಂದ್ರಪ್ಪ ಅಂಜಿದ.

“ಯಾರು ಒಡಿತಾರ? ಗೂಟಾ ಕೀಳು,” ಅಂದಳು ಮದೀನಾಬಿ.

ಅವನು ಅವಳ ಮುಖ ನೋಡಿದ. ಆಮೇಲೆ ಗೂಟಕ್ಕೆ ಕೈ ಹಾಕಿದ. ಮಡಚಿದ ಎರಡು ಬೆರಳೂ ಅಂದು ಕೆಲಸಕ್ಕೆ ಬಂದವು. ಅಪ್ಪ ನೆಟ್ಟ ಗೂಟ, ಅಲುಗಾಡಿಸಿ ಅಲುಗಾಡಿಸಿ ಕೀಳಬೇಕಾಯಿತು. ಹಗ್ಗ, ಗಂಟು, ಅರಗು, ಮೊಹರು ಯಾವುದೂ ಬಿರುಕು ಬಿಡಲಿಲ್ಲ. ಹತ್ತು ಮಂದಿ ಹರಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತರು. ಉಳಿದ ಹತ್ತು ಮಂದಿ ಸರದಿಗೆ ಹಿಂದೆ ನಡೆದರು. ಗೂಟವನ್ನು ಹೆಗಲ ಮೇಲಿಟ್ಟುಕೊಂಡು, ಹುಟ್ಟು ಹಿಡಿದು ಮುಂದೆ ಅಂಬಿಗ.

ಜೇವರ್ಗಿಗೆ ಎಂಟು ಮೈಲಿ. ನೆಲೋಗಿಯ ಬಸ್ಸು ಪಕ್ಕಕ್ಕೆ ನಿಂತಿತು. ಕಂಡಕ್ಟರ ಕಿಟಕಿಯಿಂದ ತಲೆ ಹಾಕಿದ. “ಎಲ್ಲಿಗಿ ಬೇ ಹರಗೋಲು?”

“ಸಮುದ್ರಕ್ಕರಿ. ಕಚೇರಿದಾಗ ಅದಂತ.”

ಹನ್ನೊಂದರ ಹೊತ್ತಿಗೆ ಹರಗೋಲು ನೌಕಾ ಸುರಕ್ಷಾ ಉಪಕಚೇರಿಯ ಅಂಗಳದಲ್ಲಿ, ಬೋರ್ಡಿನ ಕೆಳಗೆ, ನೆಟ್ಟಗೆ ಕೂತಿತು. ಇಪ್ಪತ್ತು ಹೆಂಗಸರು ದಿನಾ ಕೂಡುವ ಹಾಗೇ ಹತ್ತಿ, ಮೊಣಕಾಲಿಗೆ ಮೊಣಕಾಲು ಹಚ್ಚಿ, ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ಕೂತರು. ದೇವೀಂದ್ರಪ್ಪ ತನ್ನ ಜಾಗದಲ್ಲಿ ಹುಟ್ಟು ಹಿಡಿದು ನಿಂತ. ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ಗೋಡೆಯ ಮೇಲೆ ಹತ್ತಿತು. ಸಾಹೇಬ ಹೊರಗೆ ಬಂದ.

“ಏನಿದು? ಮೊಹರು ಒಡೆದ್ರಾ?”

“ಇಲ್ಲರಿ, ಗೂಟದ ಸಮೇತ ತಂದೇವಿ. ನಿಮ್ಮ ಚಪ್ಪಲೂ ತಂದೇವಿ,” ಅಂದಳು ಮದೀನಾಬಿ.

“ಇಳೀರಿ ಕೆಳಗೆ!”

“ಹ್ಯಾಂಗ ಇಳೀಬೇಕರಿ? ನೂರು ಫೂಟ ನೀರದ ಅಂತ ನೀವೇ ಬರದೀರಿ. ನಮಗ ಈಜು ಬರಂಗಿಲ್ಲ.”

ಗೋಡೆಯ ಮೇಲಿನ ಮಂದಿ ಹೋ ಅಂತ ನಕ್ಕಿತು. ಆ ನಗು ರಸ್ತೆಗೆ ಹೋಗಿ, ಇನ್ನಷ್ಟು ಮಂದಿಯನ್ನು ಕರೆದುಕೊಂಡು ಬಂತು. ಅಷ್ಟರಲ್ಲಿ ಗೌಡನ ಜೀಪೂ ಧೂಳೆಬ್ಬಿಸಿಕೊಂಡು ಬಂದು ನಿಂತಿತು.

“ಲೇ ದೇವ್ಯಾ! ಇಳಸಲೇ ಅವರ್ನ! ನನ್ನ ತೊಗರಿ ಒಡದು ಮಣ್ಣುಪಾಲು ಆಗಾಕತ್ತದ!”

ದೇವೀಂದ್ರಪ್ಪ ಮೂವತ್ತು ವರ್ಷ ಈ ದನಿಗೆ ಒಂದೇ ಉತ್ತರ ಕೊಟ್ಟವನು. ಹೌದ್ರಿ ಗೌಡ್ರ. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಅವನು ಹರಗೋಲಿನೊಳಗೆ ನೋಡಿದ. ಇಪ್ಪತ್ತು ಮುಖಗಳೂ ಅವನನ್ನೇ ನೋಡುತ್ತಿದ್ದವು. ಭಯ ಇತ್ತು, ಇಲ್ಲ ಅಂತಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಏನೋ ಎದೆಯಲ್ಲಿ ಏರುತ್ತಿತ್ತು.

“ಗೌಡ್ರ, ಅಂಬಿಗ ಮಂದಿನ್ನ ಇಳಸೂದು ಆಚಿ ದಂಡಿ ಬಂದ ಮ್ಯಾಲ,” ಅಂದ. “ಇನ್ನಾ ಬಂದಿಲ್ಲ.”

ಆಮೇಲೆ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದ ಗುಮಾಸ್ತನ ಕಡೆ ತಿರುಗಿದ.

“ಮಹಾದೇವಪ್ಪನೋರ, ಫಾರಂ ತಗೀರಿ. ಹೊಸಾದು ಬರಕೊಳ್ರಿ. ಭರತಿ ಹನ್ನೊಂದಕ್ಕ ಆಗೇದ. ಎತ್ತರ ನೂರು ಫೂಟ ಆರು ಇಂಚು, ಕಣ್ಣಾರೆ ನೋಡಿ ಬರೀರಿ.”

ಮಹಾದೇವಪ್ಪ ಸಾಹೇಬನ ಮುಖ ನೋಡಿದ, ಗೌಡನ ಮುಖ ನೋಡಿದ. ದಾರ ಕಟ್ಟಿದ ಕನ್ನಡಕ ಸರಿ ಮಾಡಿಕೊಂಡು, ಗೋಡೆಗೆ ಕಾಗದವಿಟ್ಟು ಬರೆದ. ಬರೆಯುತ್ತ ಬರೆಯುತ್ತ ಅವನ ಪೆನ್ನು ಎರಡನೆಯ ಮನೆಯಲ್ಲಿ ನಿಂತಿತು.

“ಇಳಿತ ಎಷ್ಟೊತ್ತಿಗಿ ಅಂತ ಬರೀಲಪ್ಪ?”

ದೇವೀಂದ್ರಪ್ಪ ಹುಟ್ಟನ್ನು ನೆಲಕ್ಕೂರಿದ.

“ಅದನ್ನ ಖಾಲಿ ಬಿಡ್ರಿ.”